ಅತಿಸೂಕ್ಷ್ಮ ಸ್ವಭಾವ: ಭಾರದ ಲೆಕ್ಕ ಇಟ್ಟು ಬದುಕುವ ಬಗೆ

“ನಾನು ತೀರಾ ಸೆನ್ಸಿಟಿವ್, ಇದನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ?” ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬರಿಗೆ ಪಕ್ಕದ ಮೇಜಿನವರು ಪೆನ್ನಿನ ಗುಂಡಿಯನ್ನು ಟಿಕ್ ಟಿಕ್ ಎನ್ನಿಸುತ್ತ ಕೂತರೆ ಓದಿದ ಸಾಲನ್ನೇ ನಾಲ್ಕು ಸಲ ಓದಬೇಕಾಗುತ್ತದೆ; ಇನ್ನೊಬ್ಬರಿಗೆ ಬೆಳಿಗ್ಗೆ ಕೇಳಿದ ಒಂದು ಒರಟು ಮಾತು ರಾತ್ರಿ ಹಾಸಿಗೆಯವರೆಗೂ ಬೆನ್ನು ಬಿಡುವುದಿಲ್ಲ; ಮತ್ತೊಬ್ಬರು ತಾವೇ ಇಷ್ಟಪಟ್ಟು ಹೋದ ಸಮಾರಂಭದಿಂದ ಎರಡು ಗಂಟೆಯೊಳಗೆ ತಲೆ ಚಿಟ್ಟು ಹಿಡಿದು ಹಿಂದಿರುಗುತ್ತಾರೆ. “ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂಬ ಬುದ್ಧಿವಾದವನ್ನು ಇವರೆಲ್ಲರೂ ಚಿಕ್ಕಂದಿನಿಂದ ಕೇಳುತ್ತಲೇ ಬಂದಿರುತ್ತಾರೆ. ಅದರಿಂದ ಯಾರಿಗಾದರೂ ಪ್ರಯೋಜನವಾದದ್ದನ್ನು ನಾನಂತೂ ಕಂಡಿಲ್ಲ.

ಸ್ವಭಾವವನ್ನು ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ. ಆದರೆ ಆ ಸ್ವಭಾವದ ಮೇಲೆ ಒಂದು ದಿನದಲ್ಲಿ ಎಷ್ಟು ಭಾರ ಬೀಳುತ್ತದೆ, ಯಾವ ಹೊತ್ತಿನಲ್ಲಿ ಬೀಳುತ್ತದೆ, ಅದನ್ನು ಇಳಿಸಿಕೊಳ್ಳಲು ಎಷ್ಟು ಬಿಡುವು ಸಿಗುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೆಳಗಿನ ಹಂತಗಳೆಲ್ಲ ಈ ಲೆಕ್ಕವನ್ನು ಇಡುವುದಕ್ಕೆ ಸಂಬಂಧಿಸಿದವು.

ಮೊದಲು, ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆ

ಅಮೆರಿಕದ ಮನೋವಿಜ್ಞಾನಿಗಳಾದ ಎಲೈನ್ ಆರನ್ ಮತ್ತು ಆರ್ಥರ್ ಆರನ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸ್ವಭಾವಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಸಂವೇದನಾ ಸಂಸ್ಕರಣಾ ಸೂಕ್ಷ್ಮತೆ’ ಎನ್ನಬಹುದು. ಹೆಸರು ಭಾರವಾಗಿದ್ದರೂ ಅರ್ಥ ಸರಳವಾಗಿದೆ. ಈ ಸ್ವಭಾವದವರ ಕಿವಿಯಾಗಲಿ ಕಣ್ಣಾಗಲಿ ಇತರರದಕ್ಕಿಂತ ಹೆಚ್ಚು ಚುರುಕಾಗಿರುತ್ತದೆ ಎಂದಲ್ಲ. ಒಳಗೆ ಬಂದದ್ದನ್ನು ಮಿದುಳು ಹೆಚ್ಚು ಆಳಕ್ಕೆ ಇಳಿದು ಪರಿಶೀಲಿಸುತ್ತದೆ, ಹಾಗಾಗಿ ಬೇಗ ತುಂಬಿಹೋಗುತ್ತದೆ. ನಾಲ್ಕು ಗುರುತುಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ: ಯಾವ ವಿಷಯವನ್ನೇ ಆಗಲಿ ಬಹಳ ಹೊತ್ತು ಒಳಗೊಳಗೇ ಮಥಿಸುವುದು, ಸದ್ದು, ಬೆಳಕು, ಜನಸಂದಣಿ, ಅವಸರಗಳಿಂದ ಬೇಗ ದಣಿಯುವುದು, ತಮ್ಮ ಭಾವನೆಯೂ ಇತರರ ಭಾವನೆಯೂ ಗಾಢವಾಗಿ ತಟ್ಟುವುದು, ಬೇರೆಯವರ ಗಮನಕ್ಕೆ ಬಾರದ ಚಿಕ್ಕ ವ್ಯತ್ಯಾಸಗಳು ಕಣ್ಣಿಗೆ ಬೀಳುವುದು. ಈ ನಾಲ್ಕರಲ್ಲಿ ಒಂದು ಮಾತ್ರ ಇದ್ದು ಉಳಿದವು ಇಲ್ಲದಿದ್ದರೆ ಕಾರಣ ಬೇರೆ ಇರಬಹುದು.

ಇದು ಕಾಯಿಲೆಯಲ್ಲ. ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಡಿಎಸ್‌ಎಂ-5 ಕೈಪಿಡಿಯಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣದಲ್ಲಾಗಲಿ ಇದು ಇಲ್ಲ. ಇರುವವರು ಮತ್ತು ಇಲ್ಲದವರು ಎಂದು ಎರಡು ಗುಂಪು ಮಾಡುವುದೂ ಸರಿಯಲ್ಲ, ಏಕೆಂದರೆ ಎತ್ತರದ ಹಾಗೆ ಇದು ಎಲ್ಲರಲ್ಲಿಯೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರುತ್ತದೆ. 2018ರ ಅಧ್ಯಯನವೊಂದು ವಯಸ್ಕರನ್ನು ಅಳೆದು ಸುಮಾರು ಶೇಕಡ 30 ಮಂದಿ ಹೆಚ್ಚು ಸೂಕ್ಷ್ಮರು, ಶೇಕಡ 40 ಮಂದಿ ಮಧ್ಯಮರು, ಉಳಿದವರು ಕಡಿಮೆ ಸೂಕ್ಷ್ಮರು ಎಂದು ಕಂಡುಕೊಂಡಿತು. ಅವಳಿಗಳನ್ನು ಪರಿಶೀಲಿಸಿದ 2020ರ ಅಧ್ಯಯನದ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅನುವಂಶೀಯವಾದದ್ದು, ಉಳಿದರ್ಧ ಬೆಳೆದ ಪರಿಸರ ಮತ್ತು ಅನುಭವಗಳದ್ದು. ನಾಚಿಕೆ ಸ್ವಭಾವಕ್ಕೂ ಇದಕ್ಕೂ ಇರುವ ನಂಟು ಜನ ಭಾವಿಸಿದಷ್ಟು ಬಿಗಿಯಾಗಿಲ್ಲ. ಹೆಚ್ಚು ಸೂಕ್ಷ್ಮರಾದವರಲ್ಲಿ ಶೇಕಡ 30ರಷ್ಟು ಮಂದಿ ಜನರೊಂದಿಗೆ ಬೆರೆಯಲು ಹಾತೊರೆಯುವವರೇ ಎಂಬುದು ಎಲೈನ್ ಆರನ್ ಅವರ ಅಂದಾಜು. ಜನ ಬೇಕು, ಆದರೆ ಜನರಿಂದ ದಣಿವೂ ಆಗುತ್ತದೆ ಎನ್ನುವ ಈ ಕೊನೆಯ ಗುಂಪಿನವರೇ ಹೆಚ್ಚು ಗೊಂದಲದಲ್ಲಿರುತ್ತಾರೆ.

ಏನೇನು ಬೇಕು

ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ, ಪೆನ್ನು, ಒಂದು ಜೊತೆ ಇಯರ್‌ಪ್ಲಗ್, ಎರಡು ವಾರಗಳ ತಾಳ್ಮೆ, ಮತ್ತು ನಿಮ್ಮನ್ನು ಗೇಲಿ ಮಾಡದ ಒಬ್ಬ ವ್ಯಕ್ತಿ ಇದ್ದರೆ ಸಾಕು. ಮೊಬೈಲ್‌ನಲ್ಲಿಯೂ ಬರೆದಿಡಬಹುದು, ಆದರೆ ಬರೆಯಲು ತೆಗೆದ ಮೊಬೈಲ್ ಬೇರೆಲ್ಲಿಗೋ ಕರೆದೊಯ್ಯುವುದರಿಂದ ಕಾಗದವೇ ಮೇಲು ಎಂದು ನನ್ನ ಅಭಿಪ್ರಾಯ.

ಹಂತ 1: ಇದು ಸ್ವಭಾವವೇ, ಬೇರೆ ಏನಾದರೂ ಇದೆಯೇ ಎಂದು ನೋಡಿಕೊಳ್ಳಿ

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: “ನಾನು ಚಿಕ್ಕಂದಿನಿಂದಲೂ ಹೀಗೆಯೇ?” ಸ್ವಭಾವವಾದರೆ ಅದರ ಕುರುಹುಗಳು ಬಾಲ್ಯದಲ್ಲಿಯೇ ಸಿಗುತ್ತವೆ. ಅಂಗಿಯ ಕೊರಳಪಟ್ಟಿಯ ಚೀಟಿ ಚುಚ್ಚುತ್ತದೆ ಎಂದು ಹಟ ಮಾಡಿದ್ದು, ಬೇರೆ ಮಗುವಿಗೆ ಬೈದರೂ ನೀವು ಅತ್ತದ್ದು, ಹೊಸ ಜಾಗದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತು ನೋಡಿದ್ದು ಇಂಥವನ್ನು ಮನೆಯ ಹಿರಿಯರು ನೆನಪಿಟ್ಟುಕೊಂಡಿರುತ್ತಾರೆ; ಅವರನ್ನು ಕೇಳಿ.

ಹಾಗಲ್ಲದೆ, ಮೊದಲು ಸಹಿಸಿಕೊಳ್ಳುತ್ತಿದ್ದ ಸದ್ದು ಬೆಳಕುಗಳು ಕಳೆದ ಕೆಲವು ವಾರ ಅಥವಾ ತಿಂಗಳುಗಳಿಂದ ಅಸಹನೀಯವಾಗಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಮೈಗ್ರೇನ್ ಇರುವವರಿಗೆ ಬೆಳಕು, ಸದ್ದು, ವಾಸನೆ ಮೂರೂ ಹಿಂಸೆಯಾಗಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗ ಎದೆಬಡಿತ, ಕಳವಳ, ಸಿಡಿಮಿಡಿ ಕಾಣಿಸಿಕೊಳ್ಳುತ್ತವೆ. ದೀರ್ಘಕಾಲದ ನಿದ್ದೆಗೇಡು, ಖಿನ್ನತೆ, ಆತಂಕದ ಕಾಯಿಲೆ, ಆಘಾತಕಾರಿ ಘಟನೆಯೊಂದರ ನಂತರದ ಸ್ಥಿತಿ ಇವೆಲ್ಲವೂ ಒಬ್ಬರನ್ನು ಹೊರಗಿನಿಂದ ನೋಡಿದಾಗ ಅತಿಸೂಕ್ಷ್ಮರಂತೆ ತೋರಿಸುತ್ತವೆ. ಸಾಮಾನ್ಯ ಮಟ್ಟದ ಸದ್ದುಗಳೆಲ್ಲ ಕಿವಿಗೆ ನೋವಾಗುವಷ್ಟು ಜೋರಾಗಿ ಕೇಳಿಸುವುದಕ್ಕೆ ಹೈಪರ್‌ಅಕ್ಯೂಸಿಸ್ ಎಂದೂ, ಅಗಿಯುವ ಅಥವಾ ಮೂಗು ಸೇದುವಂಥ ಕೆಲವೇ ಸದ್ದುಗಳಿಗೆ ತಡೆಯಲಾಗದ ಸಿಟ್ಟು ಬರುವುದಕ್ಕೆ ಮಿಸೋಫೋನಿಯಾ ಎಂದೂ ಹೆಸರು. ಎರಡಕ್ಕೂ ಪ್ರತ್ಯೇಕವಾದ ಆರೈಕೆ ಬೇಕಾಗುತ್ತದೆ. ಆಟಿಸಂ ಮತ್ತು ಎಡಿಎಚ್‌ಡಿ ಇರುವವರಲ್ಲಿಯೂ ಸಂವೇದನೆಯ ತೊಂದರೆ ಸಾಮಾನ್ಯ. ಆದರೆ ಆಟಿಸಂನಲ್ಲಿ ಸಾಮಾಜಿಕ ಒಡನಾಟದ ಭಿನ್ನತೆ, ಪುನರಾವರ್ತಿತ ವರ್ತನೆಗಳು, ಎಡಿಎಚ್‌ಡಿಯಲ್ಲಿ ಗಮನ ಮತ್ತು ಚಡಪಡಿಕೆಯ ಸಮಸ್ಯೆಗಳು ಬಾಲ್ಯದಿಂದ ಜೊತೆಗಿರುತ್ತವೆ. ಇದನ್ನು ತಜ್ಞರೇ ನಿರ್ಧರಿಸಬೇಕು.

ಎಚ್ಚರಿಕೆ: ಆರನ್ ದಂಪತಿ ರೂಪಿಸಿದ 27 ಪ್ರಶ್ನೆಗಳ ಮಾಪಕ ಸಂಶೋಧನೆಗಾಗಿ ಮಾಡಿದ್ದು. ಅದರ ಅರೆಬರೆ ರೂಪಗಳು ‘ನೀವು ಸೂಕ್ಷ್ಮರೇ?’ ಎಂಬ ರಸಪ್ರಶ್ನೆಗಳಾಗಿ ಎಲ್ಲೆಡೆ ಓಡಾಡುತ್ತಿವೆ. ಅವುಗಳಲ್ಲಿ ಹೆಚ್ಚು ಅಂಕ ಬಂದ ಮಾತ್ರಕ್ಕೆ ವೈದ್ಯರ ಬಳಿ ಹೋಗುವ ಕೆಲಸ ತಪ್ಪಿತು ಎಂದುಕೊಳ್ಳುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದುಬಾರಿಯಾದದ್ದು.

ಹಂತ 2: ಎರಡು ವಾರ ಭಾರದ ಲೆಕ್ಕ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನೇ ಮಾಡಿ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಾಲಿನಲ್ಲಿ, ಹೊತ್ತು, ಏನು ನಡೆಯಿತು, ಸುತ್ತ ಏನಿತ್ತು ಎಂಬುದನ್ನು ಬರೆದು, ಆ ಗಳಿಗೆಯಲ್ಲಿ ಮೈ ಮನಸ್ಸುಗಳ ಮೇಲಿರುವ ಭಾರಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಹಾಕಿ. ಬೆಳಗಿನ ಮೊದಲ ಸಾಲಿನಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು ಎಂಬುದಿರಲಿ. ಒಂದು ದಿನದ ಲೆಕ್ಕ ಹೀಗಿರಬಹುದು:

ಮಂಗಳವಾರ. ನಿದ್ದೆ ಆರು ಗಂಟೆ. ಭಾರ 3.
10.00: ಮೀಟಿಂಗ್. ಚಿಕ್ಕ ಕೋಣೆ, ಒಂಬತ್ತು ಜನ, ಪ್ರೊಜೆಕ್ಟರ್‌ನ ಗುಂಯ್ ಸದ್ದು. ಭಾರ 5.
1.45: ಊಟ ತಡವಾಯಿತು. ಭಾರ 5.
3.00: ಮೇಲಧಿಕಾರಿ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಗೊತ್ತಿರುವ ಪಾಸ್‌ವರ್ಡ್ ಮೂರು ಸಲ ತಪ್ಪಾಯಿತು. ಭಾರ 7.
6.40: ಮನೆಗೆ ಬಂದ ಕೂಡಲೇ ಮಗಳು ಗಣಿತದ ಲೆಕ್ಕ ಕೇಳಿದಳು. ರೇಗಿದೆ. ಭಾರ 9.

ಈ ವ್ಯಕ್ತಿಯನ್ನು ಅಂದು ರಾತ್ರಿ ಕೇಳಿದ್ದರೆ “ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ, ನಾನು ಸರಿಯಿಲ್ಲ” ಎಂದು ಹೇಳುತ್ತಿದ್ದರು. ಪುಸ್ತಕ ಬೇರೆಯದನ್ನೇ ಹೇಳುತ್ತದೆ. ಮೂರರಿಂದ ಏಳಕ್ಕೆ ಏರುವವರೆಗೆ ಒಂದು ಸಲವೂ ಇಳಿಯಲು ಅವಕಾಶವಿರಲಿಲ್ಲ. ಮಗಳ ಪ್ರಶ್ನೆ ತುಂಬಿದ ಕೊಡಕ್ಕೆ ಬಿದ್ದ ಕೊನೆಯ ಹನಿ ಅಷ್ಟೆ. ಮದ್ದು ಬೇಕಾದದ್ದು 6.40ಕ್ಕಲ್ಲ, ಮೀಟಿಂಗ್ ಮುಗಿದ ಕೂಡಲೇ, 11 ಗಂಟೆಗೆ. ಸೂಕ್ಷ್ಮ ಸ್ವಭಾವದವರು ಭಾರ ಹೆಚ್ಚಾದ ಜಾಗದಲ್ಲಿ ಸಿಡಿಯುವುದು ಅಪರೂಪ. ಅಲ್ಲಿ ಹಲ್ಲು ಕಚ್ಚಿ ತಡೆದುಕೊಂಡು, ಕ್ಷೇಮವೆನಿಸುವ ಜಾಗಕ್ಕೆ ಬಂದ ಮೇಲೆ, ತಮಗೆ ಅತ್ಯಂತ ಬೇಕಾದವರ ಮುಂದೆ ಸಿಡಿಯುತ್ತಾರೆ. ಹಾಗಾಗಿ ಕಾರಣವನ್ನು ಸಿಡಿದ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎರಡು ವಾರ ಮುಗಿದ ಮೇಲೆ ಒಮ್ಮೆಗೇ ಕೂತು ಓದಿ. ಭಾರ ಏರುವ ಹೊತ್ತು ಯಾವುದು, ಏರಿಸುವ ಮೂರು ಮುಖ್ಯ ಸಂಗತಿಗಳು ಯಾವುವು, ಇಳಿಸಿದ ಸಂಗತಿಗಳು ಯಾವುವು ಎಂಬುದನ್ನು ಗುರುತು ಹಾಕಿ. ಇಳಿಸಿದ ಸಂಗತಿಗಳ ಪಟ್ಟಿ ಹೆಚ್ಚಿನವರಲ್ಲಿ ಅಚ್ಚರಿ ಹುಟ್ಟಿಸುವಷ್ಟು ಚಿಕ್ಕದಾಗಿರುತ್ತದೆ.

ಎಚ್ಚರಿಕೆ: ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬರೆಯಲು ಹೊರಟರೆ ಬರೆಯುವುದೇ ಒಂದು ಭಾರವಾಗುತ್ತದೆ, ಮೈಯಲ್ಲಿನ ಪ್ರತಿಯೊಂದು ಸಣ್ಣ ಬದಲಾವಣೆಯನ್ನು ಕಾಯುತ್ತ ಕೂರುವ ಚಟವೂ ಅಂಟಿಕೊಳ್ಳುತ್ತದೆ. ಎರಡು ವಾರಕ್ಕೆ ನಿಲ್ಲಿಸಿಬಿಡಿ.

ಹಂತ 3: ಮೈಗೆ ಸಂಬಂಧಿಸಿದ ಭಾರವನ್ನು ಮೊದಲು ಇಳಿಸಿ

ಮನಸ್ಸನ್ನು ತಿದ್ದಿಕೊಳ್ಳುವ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುನ್ನ ಸುಲಭವಾಗಿ ಬದಲಿಸಬಹುದಾದ ಚಿಕ್ಕ ಸಂಗತಿಗಳನ್ನು ಬದಲಿಸಿ. ಹಸಿವು ಮತ್ತು ನಿದ್ದೆ ಮೊದಲು. ಹಸಿದಾಗ ಏಕಾಗ್ರತೆಯೂ ಮನಸ್ಥಿತಿಯೂ ಕೆಡುತ್ತವೆಯೇ ಎಂಬುದು ಆ 27 ಪ್ರಶ್ನೆಗಳಲ್ಲಿ ಒಂದು ಎಂಬುದನ್ನು ಗಮನಿಸಿ. ಊಟದ ಹೊತ್ತನ್ನು ಮೀಟಿಂಗ್‌ಗೆ ಬಿಟ್ಟುಕೊಡಬೇಡಿ. ಕೆಫೀನ್ ಕೂಡ ಹಾಗೆಯೇ. ಅದು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಹಿಡಿಯುತ್ತದೆ, ಅಂದರೆ ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ 10ಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನದ ನಂತರದ ಲೋಟವನ್ನು ಒಂದು ವಾರ ಬಿಟ್ಟು ನೋಡಿ, ಅಂಕಗಳನ್ನು ಹೋಲಿಸಿ.

ಸದ್ದಿನ ವಿಷಯದಲ್ಲಿ ಇಯರ್‌ಪ್ಲಗ್ ಒಳ್ಳೆಯ ಸಾಧನ, ಆದರೆ ಹೆಚ್ಚಿನವರು ಅದನ್ನು ತಪ್ಪಾಗಿ ತೊಡುತ್ತಾರೆ. ಸ್ಪಂಜಿನಂಥ ಫೋಮ್ ಪ್ಲಗ್ ಆದರೆ ಶುಚಿಯಾದ ಬೆರಳುಗಳಿಂದ ಅದನ್ನು ಹೊಸೆದು ಸಣ್ಣ ಬತ್ತಿಯಂತೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ಗನ್ನು ಒಳಗಿಟ್ಟು, ಅದು ಹಿಗ್ಗಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಸುಮ್ಮನೆ ತುರುಕಿದರೆ ಅರ್ಧಕ್ಕರ್ಧ ಸದ್ದು ಒಳಗೆ ಬರುತ್ತದೆ. ಇಲ್ಲಿಯೇ ಒಂದು ಮುಖ್ಯ ಎಚ್ಚರಿಕೆಯನ್ನೂ ಹೇಳಬೇಕು: ಗದ್ದಲವಿಲ್ಲದ ಜಾಗದಲ್ಲಿಯೂ ದಿನವಿಡೀ ಕಿವಿ ಮುಚ್ಚಿಕೊಂಡಿದ್ದರೆ ಕೇಳುವ ವ್ಯವಸ್ಥೆ ಆ ನಿಶ್ಶಬ್ದಕ್ಕೆ ಹೊಂದಿಕೊಂಡು ಚಿಕ್ಕ ಸದ್ದಿಗೂ ಬೆಚ್ಚುವಂತಾಗುತ್ತದೆ. ಪ್ಲಗ್ ಇರುವುದು ಗದ್ದಲದ ಹೊತ್ತಿಗೆ ಮಾತ್ರ.

ಬೆಳಕನ್ನು ಮೇಲಿನಿಂದ ಸುರಿಸುವುದರ ಬದಲು ಪಕ್ಕದ ದೀಪದಿಂದ ಪಡೆಯುವುದು, ಮಿಣಮಿಣ ಎನ್ನುವ ಟ್ಯೂಬ್‌ಲೈಟನ್ನು ಬದಲಿಸುವುದು, ಕುಳಿತ ಕುರ್ಚಿಯನ್ನು ಜನ ಓಡಾಡುವ ದಾರಿಗೆ ಬೆನ್ನು ಮಾಡದಂತೆ ತಿರುಗಿಸಿಕೊಳ್ಳುವುದು, ಬಟ್ಟೆಯ ಒಳಚೀಟಿಯನ್ನು ಹೊಲಿಗೆ ಬಿಚ್ಚಿ ತೆಗೆಯುವುದು ಇವೆಲ್ಲ ಹೇಳಿಕೊಳ್ಳಲು ಚಿಕ್ಕವು, ಆದರೆ ಎಂಟು ಗಂಟೆ ಸತತವಾಗಿ ತಾಗುವಂಥವು. ಬೇರೆಯವರ ಜಾಗದಲ್ಲಿದ್ದರೆ ಮುಲಾಜಿಲ್ಲದೆ ಕೇಳಿಬಿಡುವುದು ಉತ್ತಮ. ಒಮ್ಮೆ ಅತಿಥಿಯಾಗಿ ಉಳಿದ ಮನೆಯಲ್ಲಿ ನಾನು ಕೇಳಲು ಸಂಕೋಚಪಟ್ಟು ಗೋಡೆ ಗಡಿಯಾರವನ್ನು ಟವೆಲ್‌ನಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟು ಮಲಗಿದೆ. ಬೆಳಿಗ್ಗೆ ಮರಳಿ ತೂಗುಹಾಕಲು ಮರೆತು ಹೊರಟೆ. ಅವರು ಎರಡು ದಿನ ಗಡಿಯಾರ ಹುಡುಕಿದರಂತೆ.

ಹಂತ 4: ದಿನಚರಿಯಲ್ಲಿ ಬಿಡುವನ್ನು ಮೊದಲು ಬರೆಯಿರಿ, ಕೆಲಸವನ್ನು ಆಮೇಲೆ

ಎಲ್ಲ ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂಬ ಕ್ರಮ ಈ ಸ್ವಭಾವದವರಿಗೆ ಒಗ್ಗುವುದಿಲ್ಲ, ಏಕೆಂದರೆ ಕೆಲಸ ಮುಗಿಯುವ ಹೊತ್ತಿಗೆ ಭಾರ ಏಳನ್ನು ದಾಟಿರುತ್ತದೆ, ಮತ್ತು ಏಳರಿಂದ ಇಳಿಯಲು ಹಿಡಿಯುವ ಕಾಲ ನಾಲ್ಕರಿಂದ ಇಳಿಯುವುದಕ್ಕಿಂತ ಬಹಳ ಹೆಚ್ಚು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಭಾರ ಐದಕ್ಕೆ ತಲುಪುವ ಹೊತ್ತು ಯಾವುದೋ ಅದರ ಮುಂಚೆ ಹತ್ತು ಹದಿನೈದು ನಿಮಿಷದ ಬಿಡುವು ಇರಲಿ. ದೊಡ್ಡ ಸಮಾರಂಭವಿದ್ದರೆ ಅದೇ ದಿನ ಇನ್ನೊಂದು ಭೇಟಿಯನ್ನು ಒಪ್ಪಿಕೊಳ್ಳಬೇಡಿ. ಪ್ರಯಾಣದಿಂದ ಬಂದ ಮರುದಿನ ಬೆಳಿಗ್ಗೆ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಬಿಡುವು ಎಂದರೆ ಒಳಗೆ ಹೊಸದೇನೂ ಬಾರದ ಹೊತ್ತು. ಮೊಬೈಲ್‌ನಲ್ಲಿ ಒಂದರ ಹಿಂದೊಂದು ವಿಡಿಯೊ ನೋಡುವುದು ಕೂತಲ್ಲೇ ಕೂತು ಮಾಡುವ ಕೆಲಸವೇ ಹೊರತು ಬಿಡುವಲ್ಲ. ಕಿಟಕಿಯ ಹೊರಗೆ ನೋಡುವುದು, ಒಬ್ಬರೇ ನಿಧಾನವಾಗಿ ನಡೆಯುವುದು, ಕಣ್ಣು ಮುಚ್ಚಿ ಮಲಗುವುದು, ಮಾತಿಲ್ಲದೆ ಪಾತ್ರೆ ತೊಳೆಯುವುದು, ಗಿಡಗಳಿಗೆ ನೀರು ಹಾಕುವುದು ಇಂಥವು ಆದೀತು. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ನಿಮ್ಮ ಅಂಕಗಳೇ ಹೇಳುತ್ತವೆ.

ಹಂತ 5: ತುಂಬಿ ಹರಿದ ಗಳಿಗೆಯಲ್ಲಿ ಏನು ಮಾಡಬೇಕು

ಎಷ್ಟೇ ಲೆಕ್ಕ ಇಟ್ಟರೂ ಕೆಲವು ದಿನ ಮೀರಿಹೋಗುತ್ತದೆ. ಇದಕ್ಕೆ ಅತಿ ಉದ್ದೀಪನೆ ಎನ್ನುತ್ತಾರೆ. ನರವ್ಯೂಹ ನಿಭಾಯಿಸಬಲ್ಲದ್ದಕ್ಕಿಂತ ಹೆಚ್ಚು ಪ್ರಚೋದನೆ ಒಟ್ಟಿಗೆ ಬಂದ ಸ್ಥಿತಿ ಎಂದರ್ಥ. ಮಾತು ತಡವರಿಸುವುದು, ಗೊತ್ತಿರುವ ಹೆಸರು ನೆನಪಾಗದಿರುವುದು, ಕಣ್ಣು ತುಂಬಿಕೊಳ್ಳುವುದು, ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದಾರೆ ಎನ್ನಿಸುವುದು ಇದರ ಸೂಚನೆಗಳು.

ಮೊದಲನೆಯದಾಗಿ ಜಾಗ ಬಿಡಿ. “ಐದು ನಿಮಿಷದಲ್ಲಿ ಬರುತ್ತೇನೆ” ಎಂದಷ್ಟೇ ಹೇಳಿ ಹೊರಗೆ ಅಥವಾ ಸ್ನಾನಗೃಹಕ್ಕೆ ಹೋಗಿ. ವಿವರಣೆ ಕೊಡುತ್ತ ನಿಲ್ಲಬೇಡಿ. ಎರಡನೆಯದಾಗಿ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ: ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಹೀಗೆ ಎರಡು ಮೂರು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ ಇದು ಕೆಲಸ ಮಾಡುತ್ತದೆ. ಮೂರನೆಯದಾಗಿ, ಏನಾಗುತ್ತಿದೆ ಎಂಬುದನ್ನು ಮನಸ್ಸಿನಲ್ಲಿಯೇ ಒಂದು ಸಣ್ಣ ವಾಕ್ಯದಲ್ಲಿ ಹೇಳಿಕೊಳ್ಳಿ: “ಸದ್ದು ಹೆಚ್ಚಾಗಿದೆ, ನನಗೆ ಅಳು ಬರುತ್ತಿದೆ.” ಭಾವನೆಗೆ ಹೆಸರಿಟ್ಟಾಗ ಅದರ ಬಿರುಸು ತಗ್ಗುತ್ತದೆ. ನಾಲ್ಕನೆಯದು ಬಹಳ ಮುಖ್ಯ: ಭಾರ ಎಂಟರ ಮೇಲಿರುವಾಗ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ, ಯಾವ ಉದ್ದನೆಯ ಸಂದೇಶವನ್ನೂ ಕಳುಹಿಸಬೇಡಿ. ಬರೆದೇ ತೀರಬೇಕು ಎನ್ನಿಸಿದರೆ ಪುಸ್ತಕದಲ್ಲಿ ಬರೆಯಿರಿ.

ಯಾರಾದರೂ ನೋಡುತ್ತ ನಿಂತಾಗ ಕೈ ತಡವರಿಸುವುದು ಈ ಸ್ವಭಾವದವರಲ್ಲಿ ಸಾಮಾನ್ಯ, ಮತ್ತು ಅದು ಅಸಮರ್ಥತೆಯಲ್ಲ. ಸಂದರ್ಶನ, ಪರೀಕ್ಷೆ, ಪ್ರಾತ್ಯಕ್ಷಿಕೆ ಇದ್ದರೆ ಆ ಕೋಣೆಯನ್ನು ಮುಂಚೆ ಒಮ್ಮೆ ನೋಡಿ ಬನ್ನಿ, ಒಬ್ಬ ಗೆಳೆಯರನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿ. ಹೊಸದರ ಪಾಲು ಕಡಿಮೆಯಾದಷ್ಟೂ ನೋಟದ ಭಾರವನ್ನು ಹೊರಲು ಜಾಗ ಉಳಿಯುತ್ತದೆ.

ಹಂತ 6: ಮಾತಿನ ಗಾಯ ಮತ್ತು ಇತರರ ಭಾವನೆ

ಸದ್ದು ಬೆಳಕುಗಳಿಗಿಂತ ಕಷ್ಟವಾದದ್ದು ಇದು. ಸಹೋದ್ಯೋಗಿಯೊಬ್ಬರು ದಿನವೂ “ಸರಿ ಸರಿ, ಆಗಲಿ” ಎಂದು ಉತ್ತರಿಸುವವರು ಇಂದು “ಸರಿ.” ಎಂದಷ್ಟೇ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಆ ಪೂರ್ಣವಿರಾಮ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗಮನಿಸಿದ್ದು ತಪ್ಪಲ್ಲ, ವ್ಯತ್ಯಾಸ ಅಲ್ಲಿ ನಿಜಕ್ಕೂ ಇದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: “ನನ್ನ ಮೇಲೆ ಬೇಸರವಾಗಿದೆ, ನಿನ್ನೆ ನಾನು ಹಾಗೆ ಹೇಳಬಾರದಿತ್ತು.” ಸೂಕ್ಷ್ಮ ಸ್ವಭಾವದವರು ಬದಲಾವಣೆಯನ್ನು ಗುರುತಿಸುವುದರಲ್ಲಿ ಮುಂದು; ಆದರೆ ಕಾರಣವನ್ನು ಊಹಿಸುವುದರಲ್ಲಿ ಅವರು ಉಳಿದವರಷ್ಟೇ ತಪ್ಪು ಮಾಡುತ್ತಾರೆ, ಮತ್ತು ಆ ಊಹೆ ಸಾಮಾನ್ಯವಾಗಿ ತಮ್ಮ ಕಡೆಗೇ ತಿರುಗಿರುತ್ತದೆ.

ಆದ್ದರಿಂದ ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಗಡೆ ಕಂಡದ್ದು ಕೇಳಿದ್ದು ಮಾತ್ರ, ಬಲಗಡೆ ನಿಮ್ಮ ಊಹೆ ಬರೆಯಿರಿ. ಬಲಗಡೆಯ ಊಹೆಯಲ್ಲದೆ ಇನ್ನೆರಡು ಕಾರಣಗಳನ್ನು ಬಲವಂತವಾಗಿಯಾದರೂ ಸೇರಿಸಿ: ಅವರು ಗಡಿಬಿಡಿಯಲ್ಲಿದ್ದಿರಬಹುದು, ತಲೆನೋವಿರಬಹುದು. ಮೂರರಲ್ಲಿ ಯಾವುದು ಎಂದು ತಿಳಿಯಲೇಬೇಕಾದರೆ ಕೇಳಿ, ಇಲ್ಲವಾದರೆ ಬಿಡಿ. ಟೀಕೆ ನೇರವಾಗಿ ಎದುರಾದಾಗ ಕೂಡಲೇ ಸಮರ್ಥಿಸಿಕೊಳ್ಳಲು ಹೋಗದೆ “ನೀವು ಹೇಳಿದ್ದನ್ನು ಯೋಚಿಸಿ ನಾಳೆ ಮಾತನಾಡುತ್ತೇನೆ” ಎನ್ನುವುದನ್ನು ರೂಢಿ ಮಾಡಿಕೊಳ್ಳಿ. ಆಳವಾಗಿ ಯೋಚಿಸುವ ಮನಸ್ಸಿನ ನಿಜವಾದ ಉತ್ತರ ಮರುದಿನವೇ ಬರುವುದು.

ಇತರರ ದುಃಖದ ವಿಷಯದಲ್ಲಿ, ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಹೊತ್ತುಕೊಳ್ಳುವುದಕ್ಕೂ ಅಂತರವಿದೆ. ಕಷ್ಟ ಹೇಳಿಕೊಳ್ಳಲು ಬಂದವರ ಮಾತು ಮುಗಿದ ಮೇಲೆ “ಈಗ ನನ್ನಿಂದ ಏನಾಗಬೇಕು?” ಎಂದು ಅವರನ್ನೇ ಕೇಳಿ. ಎಷ್ಟೋ ಸಲ “ಏನೂ ಬೇಡ, ಕೇಳಿದಿರಲ್ಲ, ಸಾಕು” ಎಂಬ ಉತ್ತರ ಬರುತ್ತದೆ.

ಹಂತ 7: ಜೊತೆಗಿರುವವರಿಗೆ ಹೇಳುವ ಬಗೆ

“ನಾನು ಅತಿಸೂಕ್ಷ್ಮ ವ್ಯಕ್ತಿ, ನೀವೆಲ್ಲ ಅರ್ಥ ಮಾಡಿಕೊಳ್ಳಬೇಕು” ಎಂದು ಹಣೆಪಟ್ಟಿ ತೋರಿಸಿದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಆರೋಪದಂತೆಯೂ ಕೇಳಿಸುತ್ತದೆ. ಹೆಸರನ್ನು ಬದಿಗಿಟ್ಟು ಬೇಕಾದದ್ದನ್ನು ಮಾತ್ರ, ಅಳತೆಯೊಂದಿಗೆ ಕೇಳಿ. ಮನೆಯಲ್ಲಾದರೆ: “ರೀ, ನಾನು ಬಂದ ಮೇಲೆ ಕಾಲು ಗಂಟೆ ಸುಮ್ಮನೆ ಕೂರುತ್ತೇನೆ, ಆಮೇಲೆ ಎಲ್ಲ ವಿಷಯ ಮಾತಾಡೋಣ.” ಮಕ್ಕಳಿಗಾದರೆ: “ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬರಲಿ ಪುಟ್ಟಿ, ಆಗ ನಿನ್ನ ಲೆಕ್ಕ ನೋಡುತ್ತೇನೆ.” ಕಚೇರಿಯಲ್ಲಾದರೆ: “ಸರ್, ಮೀಟಿಂಗ್‌ನ ವಿಷಯಗಳನ್ನು ಹಿಂದಿನ ದಿನವೇ ಕಳುಹಿಸಿದರೆ ನಾನು ಸಿದ್ಧವಾಗಿ ಬರುತ್ತೇನೆ.” ಕೊನೆಯದರಲ್ಲಿ ಸ್ವಭಾವದ ಮಾತೇ ಬಂದಿಲ್ಲ, ಬರಬೇಕಾಗಿಯೂ ಇಲ್ಲ.

ಎಚ್ಚರಿಕೆ: ಕೇಳಿದ್ದನ್ನು ಅವರು ಮಾಡಿದರೆ, ಹೇಳಿದ ಹೊತ್ತಿಗೆ ನೀವೂ ಹೊರಬರಬೇಕು. ಕಾಲು ಗಂಟೆ ಎಂದು ಹೇಳಿ ಎರಡು ಗಂಟೆ ಬಾಗಿಲು ಹಾಕಿಕೊಂಡರೆ ಮುಂದಿನ ಸಲ ಆ ಕಾಲು ಗಂಟೆಯೂ ಸಿಗುವುದಿಲ್ಲ.

ಹಂತ 8: ಬದುಕು ಕಿರಿದಾಗದಂತೆ ನೋಡಿಕೊಳ್ಳಿ

ಮೇಲಿನದನ್ನೆಲ್ಲ ಶ್ರದ್ಧೆಯಿಂದ ಮಾಡಿದವರು ಬೀಳುವ ಹಳ್ಳ ಒಂದಿದೆ. ಸದ್ದೆಂದು ಒಂದು ಕಡೆ ಹೋಗುವುದನ್ನು ಬಿಟ್ಟರು, ಜನವೆಂದು ಇನ್ನೊಂದನ್ನು ಬಿಟ್ಟರು, ಹೀಗೆ ಬಿಡುತ್ತ ಬಿಡುತ್ತ ಮುಟ್ಟಿದರೆ ಮುನಿ ಗಿಡದಂತೆ ಮಡಚಿಕೊಂಡೇ ಉಳಿದುಬಿಡುತ್ತಾರೆ. ಆ ಗಿಡವಾದರೂ ಸ್ವಲ್ಪ ಹೊತ್ತಿನ ನಂತರ ಮತ್ತೆ ಎಲೆ ಬಿಚ್ಚುತ್ತದೆ. ಯಾವುದನ್ನಾದರೂ ತಪ್ಪಿಸುವ ಮೊದಲು ಕೇಳಿಕೊಳ್ಳಿ: ನನ್ನನ್ನು ತಡೆಯುತ್ತಿರುವುದು ದಣಿವೋ, ಭಯವೋ? ದಣಿವಾದರೆ ವಿಶ್ರಾಂತಿಯ ನಂತರ ಹೋಗುವ ಮನಸ್ಸಾಗುತ್ತದೆ. ಭಯವಾದರೆ ಎಷ್ಟು ವಿಶ್ರಮಿಸಿದರೂ ಮನಸ್ಸಾಗುವುದಿಲ್ಲ, ತಪ್ಪಿಸಿಕೊಂಡ ಪ್ರತಿ ಸಲವೂ ಅದು ಇನ್ನಷ್ಟು ಬಲಿಯುತ್ತದೆ. ಭಯಕ್ಕೆ ಮದ್ದು ಚಿಕ್ಕ ಅಳತೆಯಲ್ಲಿ ಹೋಗುವುದು: ಮೊದಲ ಸಲ ಅರ್ಧ ಗಂಟೆ, ಗುರುತಿನವರ ಜೊತೆ, ಮರಳುವ ಹೊತ್ತನ್ನು ಮುಂಚೆಯೇ ಹೇಳಿ, ಮುಂದಿನ ಸಲ ಮುಕ್ಕಾಲು ಗಂಟೆ.

ಹೀಗೆ ತೆರೆದಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೈಕೆಲ್ ಪ್ಲೂಸ್ ಮೊದಲಾದ ಸಂಶೋಧಕರು ತೋರಿಸಿರುವಂತೆ ಸೂಕ್ಷ್ಮತೆ ಕೆಟ್ಟದ್ದಕ್ಕೆ ಮಾತ್ರವಲ್ಲ, ಒಳ್ಳೆಯದಕ್ಕೂ ಹೆಚ್ಚು ತೆರೆದುಕೊಂಡಿರುತ್ತದೆ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದರಲ್ಲಿ, ಇಂಗ್ಲೆಂಡಿನ ಶಾಲೆಯಲ್ಲಿ ಖಿನ್ನತೆಯನ್ನು ತಡೆಯಲು ನಡೆಸಿದ ತರಬೇತಿಯಿಂದ ಹೆಚ್ಚು ಸೂಕ್ಷ್ಮರಾದ ಹುಡುಗಿಯರಿಗೆ ಗಣನೀಯ ಪ್ರಯೋಜನವಾಯಿತು, ಕಡಿಮೆ ಸೂಕ್ಷ್ಮರಾದವರಿಗೆ ಆಗಲಿಲ್ಲ. ಆಪ್ತಸಲಹೆ, ಸಂಗೀತ, ಒಳ್ಳೆಯ ಗೆಳೆತನ ನಿಮಗೆ ಆಳವಾಗಿ ತಟ್ಟುತ್ತವೆ ಎಂಬುದು ಈ ಸ್ವಭಾವದ ಇನ್ನೊಂದು ಮುಖವೇ. ಅವುಗಳಿಗೆ ದಿನಚರಿಯಲ್ಲಿ ಜಾಗ ಮಾಡಿ.

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಕೆಲಸಕ್ಕೆ ಹೋಗಲಾಗದಷ್ಟು ಆತಂಕವಾಗುತ್ತಿದ್ದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಬದುಕು ಸಾಕೆನ್ನಿಸುವ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ಹತ್ತಿರದವರಿಗೆ ತಿಳಿಸಿ, ತುರ್ತು ನೆರವು ಪಡೆಯಿರಿ. ವೈದ್ಯರ ಬಳಿ ಹೋಗುವಾಗ ನಿಮ್ಮ ಲೆಕ್ಕದ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಮೊದಲ ಭೇಟಿಯಲ್ಲಿ ಎಲ್ಲವನ್ನೂ ಮಾತಿನಲ್ಲಿ ಹೇಳಲು ತಡವರಿಸಿದರೆ ಅದನ್ನೇ ಮುಂದಿಡಬಹುದು.

ಮೂರು ತಿಂಗಳಿಗೊಮ್ಮೆ, ಅಥವಾ ಮನೆ, ಕೆಲಸ ಬದಲಾದಾಗ, ಒಂದು ವಾರ ಮಾತ್ರ ಮತ್ತೆ ಲೆಕ್ಕ ಬರೆಯಿರಿ. ಈ ಸಲ ಒಂದು ಹೊಸ ಕಲಂ ಸೇರಿಸಿ: ಹೋಗಲು ಹಿಂಜರಿದು, ಆದರೂ ಹೋಗಿ, ಪರವಾಗಿಲ್ಲ ಎನ್ನಿಸಿದ ಸಂದರ್ಭಗಳು. ವಾರದ ಕೊನೆಗೆ ಆ ಕಲಂ ಖಾಲಿ ಉಳಿದಿದ್ದರೆ ಉಳಿದ ಅಂಕಗಳು ಎಷ್ಟೇ ಚೆನ್ನಾಗಿದ್ದರೂ ಎಂಟನೆಯ ಹಂತಕ್ಕೆ ಮರಳಬೇಕು.